ಮರಿಲಿಂಗನ ಉಪಚಾರ

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಒಬ್ಬ ಶಿಷ್ಯ, ಅಡುಗೆಗೆ ಹೊನ್ನಜ್ಜಿ. ಬಂದವರಿಗೆಲ್ಲ ಮಧ್ಯಾಹ್ನ ಮುದ್ದೆ, ಸಾರು, ಮಜ್ಜಿಗೆ.

ಶಿಷ್ಯನ ಹೆಸರು ಮರಿಲಿಂಗ. ಎಲ್ಲರ ಬಾಯಲ್ಲಿ ಅವನು ಮರಿ.

ಮರಿಲಿಂಗನಿಗೆ ಬಡಿಸುವುದೆಂದರೆ ಪ್ರಾಣ. ಬೇಡ ಅಂದವರಿಗೆ ಇನ್ನೊಂದು ಸೌಟು ಹೆಚ್ಚು ಹಾಕುವ ಮನೆತನದಲ್ಲಿ ಹುಟ್ಟಿದವನು. ಪಂಕ್ತಿಯಲ್ಲಿ ಅವನು ಬರುವುದು ಕಂಡರೆ ಸಾಕು, ಉಣ್ಣುವವರು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿಯುತ್ತಿದ್ದರು. ಅವನು ಬೆರಳ ಸಂದಿಯಲ್ಲೇ ಸಾರು ಬಿಡುತ್ತಿದ್ದ.

ಬಿಟ್ಟು, ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳುವವರೆಗೆ ಮುಂದಿನ ಎಲೆಗೆ ಹೋಗುತ್ತಿರಲಿಲ್ಲ.

ಒಳ್ಳೆಯವನೇ. ಆದರೆ ಕೆಟ್ಟವರಿಂದ ತಪ್ಪಿಸಿಕೊಳ್ಳಬಹುದು, ಇಂಥ ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಒಂದು ದಿನ ಅಂಬಿಗರ ದ್ಯಾವಣ್ಣ ರಾಗಿ ಮೂಟೆಗಳ ಜೊತೆಗೆ ಒಂದು ನಾಯಿಮರಿಯನ್ನೂ ದೋಣಿಯಿಂದ ಇಳಿಸಿದ. ಆಚೆ ದಡದಲ್ಲಿ ಅದರ ತಾಯಿ ಸತ್ತುಹೋಗಿತ್ತಂತೆ. ಹಿಡಿಯಷ್ಟಿತ್ತು ಮರಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು.

ಮರಿಲಿಂಗ ಅದನ್ನು ಎತ್ತಿಕೊಂಡ. ಅದು ಅವನ ಮೂಗು ನೆಕ್ಕಿತು. ಮುಗಿಯಿತು ಕಥೆ, ಅವನು ಅದರವನಾದ.

ಅಂದು ಮಧ್ಯಾಹ್ನ ಅವನು ತಗಡಿನ ತಟ್ಟೆಯಲ್ಲಿ ಮಜ್ಜಿಗೆಗೆ ಮುದ್ದೆ ಕಿವುಚಿ ಮರಿಯ ಮುಂದಿಟ್ಟ. ಮರಿ ಮೂಸಿತು. ತಲೆ ಎತ್ತಿ ಅವನ ಮುಖ ನೋಡಿತು.

ರುಚಿ ಸಾಲದೇನೋ ಎಂದು ಅವನು ಬೆಲ್ಲ ಹಾಕಿದ. ಮರಿ ಬೆಲ್ಲ ನೆಕ್ಕಿ ಮತ್ತೆ ಮುಖ ನೋಡಿತು. ಮಾರನೆಯ ದಿನ ಹಾಲು ಹಾಕಿದ. ಆಮೇಲೆ ತುಪ್ಪ. ಆಮೇಲೆ ಕೊಬ್ಬರಿ ತುರಿ. ಹಾಕಿದ್ದನ್ನೆಲ್ಲ ಆರಿಸಿ ತಿಂದು, ಮುದ್ದೆಯ ಮೇಲೆ ಮೂಗಿನಿಂದ ಮಣ್ಣು ತಳ್ಳಿ ಮುಚ್ಚಿ, ಮರಿ ಮತ್ತೆ ಅವನ ಮುಖ ನೋಡುತ್ತಿತ್ತು.

ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡ. ಬೆರಳಿಗೆ ಹಚ್ಚಿ ಬಾಯಿಗಿಟ್ಟ. ತಟ್ಟೆ ಹಿಡಿದು ಅಂಗಳವೆಲ್ಲ ಅದರ ಹಿಂದೆ ಓಡಿದ. ಮರಿಗೆ ಅದಕ್ಕಿಂತ ಚೆಂದದ ಆಟ ಇನ್ನೊಂದಿರಲಿಲ್ಲ.

ಹೊನ್ನಜ್ಜಿ ತುಪ್ಪದ ಗಿಂಡಿಯ ತಳ ನೋಡಿ ಗೊಣಗಿದಳು. ನಾಯಿ ಹೊಟ್ಟೆಗೆ ತುಪ್ಪ ದಕ್ಕಲ್ಲ ಅಂತ ಹಿರಿಯರು ಸುಮ್ಮನೆ ಅಂದರಾ ಎಂದಳು.

ಅವಳ ಮಾತು ನಿಜವಾಯಿತು. ಮರಿಯ ಹೊಟ್ಟೆ ಕೆಟ್ಟಿತು. ಪಕ್ಕೆಲುಬು ಎದ್ದು ಕಂಡವು. ಓಡುವಾಗ ಹಿಂಗಾಲು ತಡವರಿಸತೊಡಗಿತು.

ಗುರುಗಳು ಅದನ್ನು ಕಂಡರು. ಮರಿಲಿಂಗನನ್ನು ಕರೆದರು.

"ಅಮಾವಾಸ್ಯೆ ದಿನ ದ್ಯಾವಣ್ಣ ಬರ್ತಾನೆ, ಹೇಳಿ ಕಳಿಸಿದ್ದೀನಿ. ಅಷ್ಟರೊಳಗೆ ಇದು ನಮ್ಮ ಮುದ್ದೆ ತಿಂದರೆ ಇಲ್ಲಿರಲಿ. ಇಲ್ಲ ಅಂದ್ರೆ ಅವನ ಜೊತೆ ಕಳಿಸಿಬಿಡು."

ದ್ಯಾವಣ್ಣನ ತಂಗಿಗೆ ಆಚೆ ದಡದಲ್ಲಿ ಮೇಕೆಯ ಹಟ್ಟಿಯಿತ್ತು. ಕಳಿಸಿದರೆ ಮರಿ ಸೇರುವುದು ಅಲ್ಲಿಗೇ. ಹಟ್ಟಿಯಲ್ಲಿ ಕರುವಿನಷ್ಟು ದೊಡ್ಡ ನಾಯಿಗಳಿದ್ದವು. ತಟ್ಟೆಯ ಮುಂದೆ ಕೂತು ರಾಗ ಎಳೆಯುವ ಮರಿಗೆ ಅಲ್ಲಿ ಒಂದು ತುತ್ತೂ ಉಳಿಯಲಾರದು. ಮರಿಲಿಂಗ ಗುರುಗಳಿಗೆ ಅದನ್ನೇ ಹೇಳಿದ.

"ಇಲ್ಲಿ ನಮ್ಮ ಪ್ರೀತೀಲಿ ಸಾಯೋದಕ್ಕಿಂತ ಅಲ್ಲಿ ಕಿತ್ತಾಡಿ ಬದುಕಲಿ" ಎಂದರು ಗುರುಗಳು.

"ನಾನು ಏನು ತಪ್ಪು ಮಾಡ್ತಿದ್ದೀನಿ, ಗುರುಗಳೇ? ಅದು ಉಪವಾಸ ಬಿದ್ದಿದೆಯಲ್ಲ."

"ಉಪವಾಸ ಯಾಕಪ್ಪ? ದಿನಾ ನಿನ್ನ ಮುಖ ಉಣ್ತಾ ಇದೆ."

ಮರಿಲಿಂಗ ಹೊಳೆಗೆ ಹೋಗಿ ಮುಖ ತೊಳೆದುಕೊಂಡ. ತುಪ್ಪದ ವಾಸನೆ ಮುಖಕ್ಕೆ ಅಂಟಿರಬೇಕು ಎಂದು ಅವನ ಲೆಕ್ಕ. ಸೀಗೆಪುಡಿ ಹಚ್ಚಿ ಉಜ್ಜಿದ. ಮರಿ ಮುದ್ದೆ ಮುಟ್ಟಲಿಲ್ಲ.

ಮರುದಿನ ಮುಖಕ್ಕೆ ಪಂಚೆ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟು, ತಟ್ಟೆಯ ಮುಂದೆ ಕೂತ. ಮರಿ ಪಂಚೆಯ ತುದಿ ಕಚ್ಚಿ ಎಳೆಯಿತು. ಇಬ್ಬರೂ ಅಂಗಳದಲ್ಲಿ ಉರುಳಾಡಿದರು. ಹೊನ್ನಜ್ಜಿ ನಗು ತಡೆಯಲಾರದೆ ಒಳಗೆ ಹೋದಳು.

ಅಮಾವಾಸ್ಯೆ ಹತ್ತಿರವಾಯಿತು. ಮರಿಲಿಂಗನಿಗೆ ನಗು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹೊಳೆಯಿಂದ ನೀರು ಹೊತ್ತು, ಸೌದೆ ಒಡೆದು, ಹೊಟ್ಟೆ ಚುರುಗುಟ್ಟುತ್ತ ಎಲೆಯ ಮುಂದೆ ಕೂತ. ಅಂದು ಸೌಟು ಗುರುಗಳ ಕೈಯಲ್ಲಿತ್ತು.

ಗುರುಗಳು ಬಡಿಸಿದರು. ಬಡಿಸಿ ಎದುರಿಗೇ ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಮರಿಲಿಂಗ ಒಂದು ತುತ್ತು ಬಾಯಿಗಿಟ್ಟ. ಗುರುಗಳು ಅವನ ಬಾಯನ್ನೇ ನೋಡಿದರು. ಗಂಟಲು ನೋಡಿದರು. ಇಳಿಯಿತೇ ಎಂದು ಕೇಳಿದರು. ಚೆನ್ನಾಗಿದೆಯೇ ಎಂದು ಕೇಳಿದರು. ಉಪ್ಪು ಬೇಕೇ, ತುಪ್ಪ ಬೇಕೇ, ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದರು. ಉತ್ತರಕ್ಕೆ ಮುಂಚೆ ಇನ್ನೊಂದು ಮುದ್ದೆ ಇಟ್ಟರು.

ಎರಡನೆಯ ತುತ್ತು ಮರಿಲಿಂಗನ ಗಂಟಲಲ್ಲೇ ನಿಂತಿತು. ಗುರುಗಳು ಸೌಟು ಎತ್ತಿದರು. ಅವನು ತನಗೇ ಗೊತ್ತಿಲ್ಲದೆ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದ.

ಗುರುಗಳು ಬೆರಳ ಸಂದಿಯಲ್ಲೇ ಸಾರು ಬಿಟ್ಟರು.

"ಸಾಕು, ಗುರುಗಳೇ. ನನ್ನ ಕೈಲಾಗಲ್ಲ."

"ಎರಡು ತುತ್ತಿಗೇ ಹೊಟ್ಟೆ ತುಂಬ್ತಾ?"

"ತುಂಬಲಿಲ್ಲ. ನೀವು ಹೀಗೆ ನೋಡ್ತಾ ಕೂತ್ರೆ ಒಳಕ್ಕೆ ಇಳಿಯಲ್ಲ."

ಗುರುಗಳು ಸೌಟು ಕೆಳಗಿಟ್ಟು, ಕೈ ತೊಳೆದುಕೊಂಡು ಎದ್ದು ಹೋದರು.

ಮರಿಲಿಂಗ ತನ್ನ ಬೆರಳ ಮೇಲೆ ಹರಿಯುತ್ತಿದ್ದ ಸಾರನ್ನು ನೋಡಿದ. ಆಮೇಲೆ ಯಾರೂ ಇಲ್ಲದ ಆ ಜಾಗದಲ್ಲಿ ಎಲೆಯಲ್ಲಿದ್ದುದನ್ನೆಲ್ಲ ಉಂಡ. ಎರಡೂ ಮುದ್ದೆ ಸರಾಗವಾಗಿ ಇಳಿದವು.

ಅಂದು ಸಂಜೆ ಅವನು ಮುದ್ದೆ ಕಿವುಚಿದ. ಮಜ್ಜಿಗೆ ಬಿಟ್ಟರೆ ಬೇರೇನೂ ಹಾಕಲಿಲ್ಲ. ತಟ್ಟೆಯನ್ನು ಹೊಳೆಯ ಮೆಟ್ಟಿಲ ಮೇಲಿಟ್ಟು, ಅದಕ್ಕೆ ಬೆನ್ನು ಹಾಕಿ ನೀರಿನ ಕಡೆ ಮುಖ ಮಾಡಿ ಕೂತ.

ಮರಿ ಸುತ್ತಿ ಬಂದು ಅವನ ಎದುರಿಗೆ ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ಮರಿ ಕುಂಯ್ ಎಂದಿತು. ಕುಂಯ್‌ಗುಟ್ಟುತ್ತಲೇ ಇತ್ತು. ಅವನು ತಡೆದ, ತಡೆದ, ಕೊನೆಗೆ ಕಣ್ಣು ಬಿಟ್ಟು ಎತ್ತಿಕೊಂಡ.

ಬೆಳಿಗ್ಗೆ ಗುರುಗಳ ಕಾಲಿಗೆ ಬಿದ್ದು ಹೇಳಿದ, ಬೆನ್ನು ಹಾಕಿ ಕೂರುವುದು ತಪಸ್ಸಿಗಿಂತ ಕಷ್ಟ ಎಂದು. ನೋಡದಿದ್ದರೆ ಅದು ತಿನ್ನುತ್ತದೆ ಎಂಬ ಭರವಸೆಯೂ ತನಗಿಲ್ಲ ಎಂದು.

"ಬಡಿಸೋದು ನಿನ್ನದು. ಉಣ್ಣೋದು ಅದರದು" ಎಂದರು ಗುರುಗಳು. "ಅದರ ಕೆಲಸಾನೂ ನೀನೇ ಮಾಡಿದರೆ ಅದಕ್ಕೇನು ಉಳೀತು?"

ಅಂದೂ ಮರಿ ತಟ್ಟೆ ಮುಟ್ಟಲಿಲ್ಲ. ಮರಿಲಿಂಗ ಸ್ವಲ್ಪ ಹೊತ್ತು ಕೂತು, ತಟ್ಟೆಯನ್ನು ಸುಮ್ಮನೆ ಎತ್ತಿಟ್ಟ. ಬೈಯಲಿಲ್ಲ, ಮುದ್ದಾಡಲಿಲ್ಲ. ಮರಿ ಹೊನ್ನಜ್ಜಿಯ ಹತ್ತಿರ ಹೋಯಿತು. ಅವಳು ಅಡುಗೆಮನೆಯ ಬಾಗಿಲು ಮುಚ್ಚಿ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಕದ್ದು ಕೊಬ್ಬರಿ ಚೂರು ಹಾಕುತ್ತಿದ್ದವಳಲ್ಲವೇ, ಅವಳಿಗೂ ಅದು ವ್ರತವೇ.

ಅಮಾವಾಸ್ಯೆಯ ಬೆಳಿಗ್ಗೆ ಮರಿಲಿಂಗ ಕೊನೆಯ ಸಲ ಮುದ್ದೆ ಕಿವುಚಿದ. ಮೆಟ್ಟಿಲ ಮೇಲಿಟ್ಟ. ಬೆನ್ನು ಹಾಕಿ ಕೂತ.

ಎದುರಿಗೆ, ಹೊಳೆಯ ನಡುವೆ, ದೋಣಿ ಕಂಡಿತು.

ದ್ಯಾವಣ್ಣ ಹುಟ್ಟು ಹಾಕುತ್ತ ಬರುತ್ತಿದ್ದ. ಒಂದೊಂದು ಹುಟ್ಟಿಗೂ ದೋಣಿ ದೊಡ್ಡದಾಗುತ್ತಿತ್ತು. ಬೆನ್ನ ಹಿಂದೆ ಸದ್ದೇ ಇಲ್ಲ.

ಒಮ್ಮೆ ತಿರುಗಿ ನೋಡಿಬಿಡಲೇ ಎನಿಸಿತು. ಒಂದೇ ಸಲ. ಇದೇ ಕೊನೆಯ ದಿನವಾದರೆ ಅದರ ಮುಖವನ್ನಾದರೂ ಕಣ್ತುಂಬ ನೋಡಬಹುದಲ್ಲ. ಅವನ ಕಣ್ಣು ತುಂಬಿ ದೋಣಿ ಮಸುಕಾಯಿತು. ಅವನು ಎರಡೂ ಕೈಯಲ್ಲಿ ಮೆಟ್ಟಿಲ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತ. ತಿರುಗಲಿಲ್ಲ.

ಹಿಂದೆ ಲಪ್ ಎಂದು ಒಂದು ಸದ್ದಾಯಿತು.

ದಡಕ್ಕೆ ಬಡಿಯುವ ನೀರಿರಬೇಕು ಎಂದುಕೊಂಡ. ಮತ್ತೆ ಲಪ್ ಎಂದಿತು. ಆಮೇಲೆ ಲಪಲಪ ಲಪಲಪ. ನೀರಿಗೆ ಅಷ್ಟು ಅವಸರ ಇರುವುದಿಲ್ಲ.

ಆಮೇಲೆ ತಗಡು ಕಲ್ಲಿಗೆ ಉಜ್ಜುವ ಸದ್ದು. ಮರಿ ನೆಕ್ಕಿದಂತೆ ತಟ್ಟೆ ಜರುಗುತ್ತಿತ್ತು, ತಟ್ಟೆ ಜರುಗಿದಂತೆ ಮರಿ ಹಿಂದೆ ಬರುತ್ತಿತ್ತು. ಕರ್ ಕರ್ ಎನ್ನುತ್ತ ಹತ್ತಿರ, ಇನ್ನೂ ಹತ್ತಿರ.

ತಟ್ಟೆ ಬಂದು ಮರಿಲಿಂಗನ ಬೆನ್ನಿಗೆ ತಗುಲಿತು. ಇನ್ನು ಜರುಗಲು ಜಾಗವಿಲ್ಲದೆ ಅಲ್ಲೇ ನಿಂತಿತು. ಮರಿ ಅದರ ಅಂಚನ್ನೂ ಬಿಡದೆ ನೆಕ್ಕಿತು.

ಆಗ ಅವನು ತಿರುಗಿದ. ತಟ್ಟೆಯಲ್ಲಿ ಒಂದು ಚೂರೂ ಇರಲಿಲ್ಲ. ಸೂರ್ಯ ಮಾತ್ರ ಇದ್ದ, ಫಳಫಳ ಹೊಳೆಯುತ್ತ.

ಅಡುಗೆಮನೆಯ ಬಾಗಿಲಲ್ಲಿ ಕೂತು ಎಲ್ಲವನ್ನೂ ಕಂಡಿದ್ದ ಹೊನ್ನಜ್ಜಿ ಚಪ್ಪಾಳೆ ತಟ್ಟಿದಳು. ಮರಿಲಿಂಗ ಮರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅಂಗಳಕ್ಕೆ ಓಡಿದ. ಅದರ ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು. ಅದು ದೊಡ್ಡದಾಗಿ ತೇಗಿತು. ಹೊನ್ನಜ್ಜಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ದ್ಯಾವಣ್ಣ ದೋಣಿ ಕಟ್ಟಿ ಮೇಲೆ ಬಂದ.

"ಮರಿ ಎಲ್ಲೈತೆ ಬುದ್ಧಿ? ಕರ್ಕೊಂಡು ಹೋಯ್ತೀನಿ."

"ಯಾವ ಮರೀನೂ ಕೊಡಲ್ಲ ಹೋಗಯ್ಯ" ಎಂದರು ಗುರುಗಳು. "ಒಂದು ಉಣ್ಣೋದು ಕಲೀತು. ಇನ್ನೊಂದು ಬಡಿಸೋದು ಕಲೀತು. ಎರಡೂ ಇಲ್ಲೇ ಇರ್ತವೆ."

ಅಂದು ಮಧ್ಯಾಹ್ನ ಪಂಕ್ತಿಯಲ್ಲಿ ಮರಿಲಿಂಗ ಸೌಟು ಹಿಡಿದು ಬಂದಾಗ, ಅಭ್ಯಾಸದಂತೆ ಎಲ್ಲರೂ ಎಲೆಗೆ ಕೈ ಅಡ್ಡ ಹಿಡಿದರು. ಅವನು ಕೇಳಿ, ಬೇಕೆಂದವರಿಗೆ ಹಾಕಿ, ಮುಂದೆ ಹೋದ. ಅವರು ಅಡ್ಡ ಹಿಡಿದ ಕೈಯನ್ನು ಹಾಗೇ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಸ್ವಲ್ಪ ಹೊತ್ತಿಗೆ ಪಂಕ್ತಿಯ ಕೊನೆಯಿಂದ ದ್ಯಾವಣ್ಣ ಕೂಗಿ ಕರೆದು, ಇನ್ನೊಂದು ಮುದ್ದೆ ತಾನಾಗಿ ಕೇಳಿ ಹಾಕಿಸಿಕೊಂಡ.

ಅಂದು ಪಾತ್ರೆಯ ತಳ ಕಂಡಿತು. ಹೊನ್ನಜ್ಜಿ ಮತ್ತೆ ಒಲೆ ಹಚ್ಚಿದಳು, ಗೊಣಗದೆ.

ಸಂಜೆ ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ಮರಿ ಅವರ ಪಾದದ ಬಳಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಮರಿಲಿಂಗ ಬಂದು ಪಕ್ಕದಲ್ಲಿ ಕೂತ. ಅವನ ಮುಖದಲ್ಲಿ ಗೆಲುವು ತುಂಬಿತ್ತು. ಅದರ ನಡುವೆ ಸಾಸಿವೆಯಷ್ಟು ನೋವೂ ಇತ್ತು. ಅದನ್ನು ಮುಚ್ಚಿಡುವುದು ಅವನಿಗೆ ತಿಳಿಯದು.

"ಹೊನ್ನಜ್ಜಿ ನೋಡ್ತಿದ್ಲಂತೆ, ಗುರುಗಳೇ. ಇದು ತಿನ್ನೋವಾಗ ಒಂದು ಸಲಾನೂ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲವಂತೆ."

ಗುರುಗಳು ಮರಿಯ ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟರು.

"ಇವತ್ತು ಅದಕ್ಕೆ ಅನ್ನ ಕಾಣಿಸ್ತು."