ಕೊಂಡಿ ಕಳಿಸಿದ ಮೇಷ್ಟ್ರು

ಕೇಳ್ರಪ್ಪ, ಹೊಳೆಯಾಚೆ ಒಂದು ಊರು. ಅಲ್ಲಿ ಪುಟ್ಟಸಿದ್ದಮ್ಮ, ಅವಳಿಗೊಬ್ಬ ಪೆದ್ದ ಮಗ ಮುದ್ದಯ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಇವನನ್ನು ಕಟ್ಟಿಕೊಂಡು ಹೇಗೆ ಬಾಳಲಿ" ಅಂತ ಅವ್ವ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಇಂಥವನು ಮೇಷ್ಟ್ರು ಹೇಗಾದ ಅಂತೀರಾ? ಬುದ್ಧಿವಂತ ಮೇಷ್ಟ್ರುಗಳೆಲ್ಲ ವರ್ಗ ಮಾಡಿಸಿಕೊಂಡು ಹೊಳೆ ದಾಟಿದರು. ಉಳಿದದ್ದು ಒಂದು ಕೋಣೆ, ಐದು ಮಕ್ಕಳು, ಅಕ್ಷರ ಬಲ್ಲ ಈ ಪೆದ್ದ.

ಒಂದು ದಿನ ತಾಲೂಕಿನ ಸಾಹೇಬ ಬಂದ.

"ಏನಯ್ಯಾ, ಇನ್ನೂ ಹಲಗೆ, ಬಳಪ? ಎಲ್ಲ ಕಡೆ ಬ್ಲಾಗ್ ಆಗಿದೆ! ಮೇಷ್ಟ್ರು ಒಂದು ಕಡೆ, ಮಕ್ಕಳು ಒಂದು ಕಡೆ. ನೀನು ಬರೀಬೇಕು, ಅವರು ಉತ್ತರ ಬರೀಬೇಕು. ಆಗದಿದ್ರೆ ಶಾಲೆಗೆ ಬೀಗ!"

"ಹೇಗೆ ಮಾಡೋದು ಸಾರ್?"

"ಪಾಠ ಬರೆದು ಮೇಲಕ್ಕೆ ಏರಿಸು, ಅಷ್ಟೇ!"

ಆ ಊರಲ್ಲಿ ಗುಡ್ಡ ಹತ್ತಿದರೂ ಸಿಗ್ನಲ್ ಇಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ. ಅದನ್ನು ಕೊಡುವ ಮಾತು ಸಾಹೇಬನ ಬಾಯಲ್ಲಿ ಬರಲಿಲ್ಲ. ಬೀಗದ ಮಾತು ಮಾತ್ರ ಬಂತು.

ಮುದ್ದಯ್ಯ ಪಾಠ ಬರೆದ ಕರಿಹಲಗೆ ಹೊತ್ತು ಶಾಲೆ ಮಾಡಿನ ಹೆಂಚಿನ ಮೇಲೆ ಏರಿಸಿದ. ಏಳು ಹೆಂಚು ಪುಡಿ. ಮಕ್ಕಳು ಕತ್ತು ನೋಯುವ ತನಕ ಅಂಗಳದಲ್ಲಿ ನಿಂತು ಓದಿದರು.

ಸಾಹೇಬ ಬಂದು ನೋಡಿದ. "ಲೋ ಮಂಕೇ! ಮಾಡಿನ ಮೇಲಲ್ಲ, ಜಾಲಕ್ಕೆ ಹಾಕಬೇಕು, ಜಾಲಕ್ಕೆ!"

"ಹಾಗೇ ಮಾಡ್ತೀನಿ ಸಾರ್!"

ಜಾಲ ಅಂದರೆ ಬಲೆ. ಮುದ್ದಯ್ಯನಿಗೆ ಗೊತ್ತು, ಮೇಷ್ಟ್ರಲ್ಲವೇ! ಹೊಳೆಯಲ್ಲಿ ಮೀನು ಹಿಡಿಯುವ ನಿಂಗಶೆಟ್ಟಿಯ ಬಲೆ ತಂದ, ಮಕ್ಕಳ ಪುಸ್ತಕವನ್ನೆಲ್ಲ ಅದಕ್ಕೆ ಕಟ್ಟಿ ಹೊಳೆಗೆ ಬೀಸಿದ. ಎಳೆದರೆ ಅಕ್ಷರವೆಲ್ಲ ನೀರುಪಾಲು, ಬಲೆಯಲ್ಲಿ ಎರಡು ಮೀನು.

"ಏನ್ ಮೇಷ್ಟ್ರೇ, ಇವೂ ನಿಮ್ಮ ಶಾಲೆಗೆ ಸೇರಿದವಾ?" ಅಂದ ನಿಂಗಶೆಟ್ಟಿ.

ಪುಸ್ತಕ ಹಾಳಾದದ್ದು ಕಂಡು ಮೂರು ಮಕ್ಕಳನ್ನು ಅಪ್ಪಂದಿರು ಬಿಡಿಸಿ ಆಚೆ ದಡದ ಹಾಸ್ಟೆಲಿಗೆ ಹಾಕಿದರು. ಹಾಜರಿ ಕೂಗುವಾಗ ಮುದ್ದಯ್ಯ ಆ ಮೂರು ಹೆಸರನ್ನೂ ಕೂಗುತ್ತಿದ್ದ. ಉತ್ತರ ಬರುವಷ್ಟು ಹೊತ್ತು ಕಾಯುತ್ತಿದ್ದ.

ಸಾಹೇಬ ಈ ಸಲ ದೋಣಿಯವನ ಕೈಲಿ ಚೀಟಿ ಕಳಿಸಿದ. "ಬ್ಲಾಗಿನ ಕೊಂಡಿ ಕೂಡಲೇ ಕಳಿಸು. ಇಲ್ಲವೇ ಬೀಗ."

"ಕೊಂಡಿ ತಾನೇ? ಮೊದಲು ಕಳಿಸೋ ನನ್ನಪ್ಪಾ! ಉಳಿದ ಎರಡು ಮಕ್ಕಳೂ ಹೋದರೆ ನೀನು ಯಾರ ಮುಖ ನೋಡ್ತೀಯೋ?" ಅಂದಳು ಅವ್ವ.

ಸಾಹೇಬ ಕೇಳಿದ್ದು ಬ್ಲಾಗಿನ ಲಿಂಕು. ಮುದ್ದಯ್ಯ ಶಾಲೆ ಬಾಗಿಲಿಗೆ ಬೀಗ ಸಿಕ್ಕಿಸುವ ಕೊಂಡಿಯನ್ನು ಕಿತ್ತ, ಕಾಗದದಲ್ಲಿ ಸುತ್ತಿದ, ದೋಣಿಯವನ ಕೈಗೆ ಕೊಟ್ಟ.

ನಾಲ್ಕನೇ ದಿನ ಸಾಹೇಬ ಆ ಪೊಟ್ಟಣ ಬಿಚ್ಚಿಯೂ ನೋಡದೆ ಬೀಗ ಹಿಡಿದೇ ಬಂದ. ಬಾಗಿಲು ಎಳೆದ. ಬೀಗ ಎಲ್ಲಿಗೆ ಹಾಕುವುದು?

"ಕೊಂಡಿ ಎಲ್ಲೋ?"

"ನೀವೇ ತರಿಸ್ಕೊಂಡ್ರಲ್ಲ ಸಾರ್! ಕಚೇರೀಲಿದೆ."

ಸಾಹೇಬ ಅಂಗಳದಲ್ಲೇ ಕುಣಿದಾಡಿದ. "ಒಳಗಿಂದ ಅಗುಳಿ ಹಾಕ್ಕೊಂಡು ಬಿದ್ದಿರು! ನಾನು ಕೊಂಡಿ ತರೋ ತನಕ ಒಂದು ಮಗುವನ್ನೂ ಒಳಗೆ ಬಿಡಬೇಡ!"

"ಹಾಗೇ ಮಾಡ್ತೀನಿ ಸಾರ್!"

ಕಚೇರಿಗೆ ಹೋದ ಸಾಹೇಬ ಮರೆತ. ಅಂಥವರು ಬೈದದ್ದನ್ನು ಮರೆಯುವುದೇ ಹಾಗೆ. ಮುದ್ದಯ್ಯ ಮರೆಯಲಿಲ್ಲ. ಒಳಗೆ ಅವನೊಬ್ಬನೇ. ಹೊರಗೆ ಬಿಸಿಲಲ್ಲಿ ಎರಡು ಮಕ್ಕಳು. ಇವನು ಸ್ಲೇಟಿನಲ್ಲಿ ಲೆಕ್ಕ ಬರೆದು ಕಿಟಕಿಗೆ ಹಿಡಿಯುವನು, ಅವರು ಉತ್ತರ ಬರೆದು ಸರಳಿಗೆ ಒತ್ತಿ ಹಿಡಿಯುವರು.

ಎಂಟನೇ ದಿನ ಅವ್ವ ಕಿಟಕಿಯಲ್ಲಿ ರೊಟ್ಟಿ ತೂರಿಸುತ್ತಾ ಅತ್ತಳು. "ಹೊರಗೆ ಬಾರೋ ಮಗನೇ! ಅವನು ಬರಲ್ಲ ಕಣೋ!"

"ಸುಮ್ನಿರವ್ವ! ನಾನು ಒಂದು ಕಡೆ, ಮಕ್ಕಳು ಒಂದು ಕಡೆ. ನಾನು ಬರೀತೀನಿ, ಅವರು ಉತ್ತರ ಬರೀತಾರೆ. ಬ್ಲಾಗ್ ಆಯ್ತು ಕಣವ್ವ! ಬ್ಲಾಗ್ ಆಯ್ತು!"