ಹುಟ್ಟುಮುಡಿಪಿನ ಬಂಡೆ

ತುಂಗಭದ್ರೆಯ ದಂಡೆಯ ಆಲದಕಡವಿನಲ್ಲಿ ನಿಂತು ನೋಡಿದರೆ ಹೊಳೆಯ ನಡುವೆ ಮಗುಚಿಟ್ಟ ಬುಟ್ಟಿಯಂಥ ಬಂಡೆಯೊಂದು ಕಾಣುತ್ತದೆ. ಅದರ ನೆತ್ತಿಯ ಬಿರುಕಿನಲ್ಲಿ ಹೊಳೆತಾಯಿ ಗಂಗವ್ವನ ಕಲ್ಲಿದೆ. ಕಲ್ಲಿನ ಮುಂದೆ ಹಳದಿ ಬಟ್ಟೆ ಸುತ್ತಿದ ಗಂಟು. ಉದ್ದ ಸುಮಾರು ನಾಲ್ಕು ಮೊಳ. ದಪ್ಪ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಊರಿನವರು ಇದನ್ನು ಹುಟ್ಟುಮುಡಿಪಿನ ಬಂಡೆ ಎನ್ನುತ್ತಾರೆ. ಹುಟ್ಟು ಎಂದರೆ ಇಲ್ಲಿ ಹರಿಗೋಲು ನಡೆಸುವ ಹುಟ್ಟು. ಮುಡಿಪು ದೇವರಿಗೆಂದು ಕಟ್ಟಿಟ್ಟದ್ದು. ಕಟ್ಟಿದವರೂ ಅದನ್ನು ಮತ್ತೆ ಬಿಚ್ಚುವಂತಿಲ್ಲ.

ಹಿಂದೆ ಒಮ್ಮೆ, ಇಲ್ಲಿ ಸೇತುವೆ ಇಲ್ಲದ ಕಾಲದಲ್ಲಿ, ಈ ಕಡವಿಗೆ ಇಬ್ಬರು ಅಂಬಿಗರಿದ್ದರು. ಗಾದಿಲಿಂಗನ ಹರಿಗೋಲು ಹಳೆಯದು, ತಳ ಸದಾ ಜಿನುಗುತ್ತಿತ್ತು. ಪಂಪಣ್ಣ ಎಮ್ಮೆಯ ಚರ್ಮ ಹೊಲಿದು ಹೊಸದನ್ನು ಕಟ್ಟಿದ ಮೇಲೆ ಸಂತೆಗೆ ಹೋಗುವವರೆಲ್ಲ ಅವನ ಕಡೆಗೇ ತಿರುಗಿದರು. ಒಂದು ಸಂತೆಯ ಮುಂಜಾನೆ ಪಂಪಣ್ಣ ಹೆಂಡತಿ ಹುಲಿಗೆವ್ವನನ್ನೂ ಎರಡು ಮೇಕೆಗಳನ್ನೂ ಕೂರಿಸಿಕೊಂಡು ಹೊರಟ. ನಡುಹೊಳೆಯಲ್ಲಿ ತಳ ಬಾಯಿಬಿಟ್ಟಿತು. ಹೇಗೋ ಬಂಡೆಗೆ ತಾಗಿಸಿ, ಮೇಕೆಗಳೂ ಸೇರಿ ನಾಲ್ವರೂ ಮೇಲೆ ಹತ್ತಿದರು. ಹರಿಗೋಲನ್ನು ಎಳೆದು ಮಗುಚಿದಾಗ ಪಂಪಣ್ಣನಿಗೆ ವಿಷಯ ತಿಳಿಯಿತು. ತಾನಾಗಿ ಹರಿದ ಚರ್ಮ ಅಂಕುಡೊಂಕಾಗಿ ಹರಿಯುತ್ತದೆ. ಇದು ನೂಲು ಹಿಡಿದು ಕೊಯ್ದಂತಿತ್ತು. ಕೊಯ್ದದ್ದು ಕಾಣದಂತೆ ಬಾಯಿಗೆ ಮೇಣ ಮೆತ್ತಿತ್ತು. ನೀರು ದಂಡೆಯಲ್ಲೇ ತುಂಬಲಿ, ಪಂಪಣ್ಣನಿಗೆ ಒಂದು ಸಂತೆ ತಪ್ಪಲಿ ಎಂದಷ್ಟೇ ಗಾದಿಲಿಂಗ ಎಣಿಸಿದ್ದನಂತೆ. ಆದರೆ ಮುಂಜಾನೆಯ ತಣ್ಣೀರಿಗೆ ಮೇಣ ಗಟ್ಟಿಯಾಗಿ ನಡುಹೊಳೆಯವರೆಗೂ ತಾಳಿತು.

ಗಾಬರಿಯಾಗಿ ತನ್ನ ಹರಿಗೋಲು ತಂದವನೂ ಗಾದಿಲಿಂಗನೇ. ಅವನ ತಗ್ಗಿದ ಮುಖ ನೋಡಿದ್ದೇ ಪಂಪಣ್ಣ ಹುಟ್ಟನ್ನು ಎತ್ತಿದ. ಇಳಿದಿದ್ದರೆ ತಲೆ ಹೋಳಾಗುತ್ತಿತ್ತು. “ಹೊಡಿ, ಬ್ಯಾಡ ಅನ್ನಂಗಿಲ್ಲ,” ಎಂದಳು ಹುಲಿಗೆವ್ವ, ಸೆರಗು ಹಿಂಡುತ್ತ. “ಆದ್ರ ಅವ ಬಿದ್ರ ಹರಿಗೋಲು ಹೊಳಿಪಾಲು. ಆಮ್ಯಾಲ ನಮ್ಮನ್ನ ದಂಡಿಗೆ ಮುಟ್ಟಸವ್ರು ಯಾರು? ಈ ಮ್ಯಾಕಿಗಳೇನು?” ಪಂಪಣ್ಣನಿಗೆ ನಗು ಬಂತು, ಸಿಟ್ಟು ಹೋಗಲಿಲ್ಲ. ಎತ್ತಿದ ಹುಟ್ಟನ್ನು ಗಂಗವ್ವನ ಕಲ್ಲಿನ ಮುಂದಿಟ್ಟ. ಹುಲಿಗೆವ್ವ ಸೆರಗಿನ ಅಂಚು ಹರಿದು ಅದಕ್ಕೆ ಮೂರು ಸುತ್ತು ಕಟ್ಟಿದಳು. “ತಾಯಿ, ಈ ಹೊಡ್ತ ನಿನಗ ಮುಡಿಪು. ಕೊಡೂದಿದ್ರ ನೀನ ಕೊಡು, ನಿನಗ ತಿಳಿದಾಗ ಕೊಡು,” ಎಂದ ಪಂಪಣ್ಣ. ಗಾದಿಲಿಂಗ ಇದನ್ನು ಕೇಳಿಸಿಕೊಂಡದ್ದು ಅದೇ ಗಂಗವ್ವನ ನೀರಿನ ಮೇಲೆ, ಜಿನುಗುವ ಹರಿಗೋಲಿನಲ್ಲಿ ನಿಂತು.

ಅವರನ್ನು ದಂಡೆ ಮುಟ್ಟಿಸಿದವನು ಮರುದಿನ ಹೊಳೆಗೆ ಇಳಿಯಲಿಲ್ಲ. ಸಣ್ಣ ಸುಳಿ ಕಂಡರೂ ಹಿಂದೆ ಸರಿದ. ಸ್ನಾನಕ್ಕೂ ಬಾವಿಗೆ ಹೋದ. ಒಂದು ಹರಿಗೋಲು ಹರಿದಿತ್ತು, ಇನ್ನೊಂದಕ್ಕೆ ಅಂಬಿಗನಿರಲಿಲ್ಲ; ಎರಡೂ ಮನೆಗಳ ಒಲೆ ತಣ್ಣಗಾಯಿತು. ಎಂಟನೆಯ ದಿನ ಗಾದಿಲಿಂಗ ಪಂಪಣ್ಣನ ಬಾಗಿಲಿಗೆ ಬಂದು ಬೆನ್ನು ತಿರುಗಿಸಿ ಕುಳಿತ. “ತಪ್ಪಾತು ಯಣ್ಣಾ. ಒಂದ ಹೊಡ್ತ ಹೊಡದು ಮುಗಸಿಬಿಡು. ಕಾಯೂದು ಆಗವಲ್ದು.” “ನನ್ನ ಕೈಯಾಗ ಏನೈತಿ? ತಾಯಿಗೆ ಕೊಟ್ಟಾತು. ಮುಡಿಪು ಬಿಚ್ಚಾಕ ಬರಂಗಿಲ್ಲ,” ಎಂದ ಪಂಪಣ್ಣ. ಗಾದಿಲಿಂಗ ಇತ್ತ ತಿರುಗಿ ಕುಳಿತ. “ಹಂಗಾದ್ರ ನನ್ನ ಹರಿಗೋಲಿನ್ಯಾಗ ನೀನೂ ಕುಂದ್ರು. ನೀನಿದ್ರ ಆಕಿ ಮುಳುಗ್ಸಂಗಿಲ್ಲ.” ಒಳಗಿನಿಂದ ಹುಲಿಗೆವ್ವನ ನಗು ಕೇಳಿಸಿತು: “ಮೊದ್ಲು ಅದರ ತಳ ಹೊಲಿಯಾಕ ಹೇಳು. ತಾಯಿ ಬಿಟ್ರೂ ಆ ತೂತು ಬಿಡಂಗಿಲ್ಲ!”

ಗಾದಿಲಿಂಗ ಎರಡೂ ಹರಿಗೋಲುಗಳ ತಳ ಹೊಲಿದ. ಆದರೂ ಕೊನೆಯವರೆಗೆ ಇಬ್ಬರೂ ಒಂದರಲ್ಲೇ ಎದುರುಬದುರು ಕುಳಿತು ಹುಟ್ಟು ಹಾಕಿದರು ಎನ್ನುತ್ತಾರೆ. ಬಂಡೆ ಹತ್ತಿರವಾದಾಗಲೆಲ್ಲ ಗಾದಿಲಿಂಗ ಕಣ್ಣು ಮುಚ್ಚುತ್ತಿದ್ದ. “ಇವತ್ತಲ್ಲ, ಬಿಡು,” ಎನ್ನುತ್ತಿದ್ದ ಪಂಪಣ್ಣ. ಹುಲಿಗೆವ್ವ ಕಟ್ಟಿದ ಸೆರಗಿನ ಚೂರು ಬಿಸಿಲಿಗೆ ಜೀರ್ಣವಾದಾಗ ಮುಡಿಪು ತಾನಾಗಿ ಬಿಚ್ಚೀತೆಂದು ಹೆದರಿ, ಅದರ ಮೇಲೆ ಹೊಸ ಬಟ್ಟೆ ಬಿಗಿದವನು ಗಾದಿಲಿಂಗ. ಮರುವರ್ಷ ಮತ್ತೊಂದು. ಎಂಬತ್ತು ದಾಟಿ, ಮೊಮ್ಮಕ್ಕಳ ನಡುವೆ ಹಾಸಿಗೆಯಲ್ಲೇ ತೀರಿಕೊಳ್ಳುವವರೆಗೂ ಒಂದು ವರ್ಷವೂ ತಪ್ಪಿಸಲಿಲ್ಲ.

ಇಂದಿಗೂ ಅವನ ಮನೆತನದವರೇ ಹಳೆಯ ಬಟ್ಟೆಯ ಮೇಲೆ ಹೊಸದನ್ನು ಸುತ್ತುತ್ತಾರೆ. ಒಳಗೆ ಹುಟ್ಟು ಉಳಿದಿದೆಯೋ ಹುಡಿಯಾಗಿದೆಯೋ ಯಾರೂ ನೋಡಿಲ್ಲ. ಪ್ರವಾಸಿಗರ ಹರಿಗೋಲು ಬಂಡೆಯ ಪಕ್ಕಕ್ಕೆ ಬಂದಾಗ ಅಂಬಿಗ ಹುಟ್ಟನ್ನು ಮೇಲೆತ್ತಿ, “ಹೊಡ್ತ ಬಾಕಿ ಇದ್ದವ್ರು ಯಾರರ ಅದೀರೇನು?” ಎಂದು ಕೇಳುತ್ತಾನೆ. ಎಲ್ಲರೂ ನಗುತ್ತಾರೆ. ನಗುತ್ತಲೇ ಹರಿಗೋಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.