ಏರಿನಲ್ಲಿ ಕೆಮ್ಮುವ ಮೋಟಾರು

"ಕೇಳಿರಪ್ಪೋ ಕೇಳಿ! ಅರಮನೆಯ ಹಳೇ ಮೋಟಾರು ಏರು ಹತ್ತದೆ ಕೆಮ್ಮುತ್ತಿದೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆಯೂ ಮೋಟಾರು ಕೆಡಿಸಿದವರ ತಲೆಯೂ ಸೋಮವಾರ ಉರುಳುತ್ತವೆ!"

ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ. ಕೆಡಿಸಿದವನೆಂದು ಸೆರೆಯಲ್ಲಿದ್ದವನು ಡ್ರೈವರ್ ಗುರುಪಾದಪ್ಪ, ಮೂವತ್ತು ವರ್ಷ ಅದನ್ನು ಓಡಿಸಿದ ಮುದುಕ. ದೊರೆ ಚಿಕ್ಕರಸನೇನೂ ಕೆಟ್ಟವನಲ್ಲ. ತೀರಿಹೋದ ತಾಯಿಯ ಮೋಟಾರು ಅದು. ಆ ಪ್ರೀತಿಯಲ್ಲಿ ಬುದ್ಧಿ ಮಂಕಾಗಿತ್ತು, ಪಾಪ.

"ಮನೆಯಿಂದ ತುಂಬಿ ಹೊರಟದ್ದು ಗದ್ದೆಗೆ ಅರ್ಧವೇ ತಲುಪುತ್ತದೆ, ದಾರಿಯಲ್ಲಿ ಕಳ್ಳರಿಲ್ಲ. ಯಾಕೆ?" ಎಂದು ದೊರೆ ಮೊದಲ ಒಗಟು ಹಾಕಿದ.

ಪಟ್ಟಣದ ಮೇಸ್ತ್ರಿ ಮೀಸೆ ತಿರುವಿ, "ಬ್ಯಾಟರಿ ಸತ್ತಿದೆ" ಎಂದ. ಹೊಸದು ಹಾಕಿದರೂ ಕೆಮ್ಮು ನಿಲ್ಲಲಿಲ್ಲ. ಇನ್ನೊಬ್ಬ ಪ್ಲಗ್ಗು ಬದಲಿಸಿದ, ಅದೇ ಕೆಮ್ಮು. ಇಬ್ಬರೂ ಗುರುಪಾದಪ್ಪನ ಪಕ್ಕದ ಕೋಣೆ ಸೇರಿದರು.

ಆಮೇಲೆ ಬಂದವನು ಪೇಟೆಯಲ್ಲಿ ಟಾರ್ಚು ರಿಪೇರಿ ಮಾಡುವ ತಿಪ್ಪೇಶಿ. ಕೈಯಲ್ಲಿ ಒಂದು ಬಲ್ಬು, ಎರಡು ವೈರು. ಆಸ್ಥಾನದವರು ಕಿಸಕ್ಕನೆ ನಕ್ಕರು. ಅವನು ಕೀ ತಿರುಗಿಸಿ, ಒಂದು ವೈರನ್ನು ಕಿಡಿ ಹುಟ್ಟಿಸುವ ಕಾಯಿಲ್‌ಗೆ, ಇನ್ನೊಂದನ್ನು ಎಂಜಿನ್ನಿನ ಮೈ ಕೆರೆದು ಅಲ್ಲಿಗೆ ಮುಟ್ಟಿಸಿದ. ಬಲ್ಬು ಮಂಕಾಗಿ ಉರಿಯಿತು. ಆ ಎರಡನೇ ವೈರನ್ನೇ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದ. ಝಗ್ಗನೆ ಬೆಳಗಿತು.

"ಅದು ಕರೆಂಟು, ಬುದ್ಧಿ. ಹೋಗೋ ದಾರಿ ಸರಿಯಾಗೈತೆ, ವಾಪಸ್ ಬರೋ ದಾರಿ ಕಟ್ಟೈತೆ. ಟಾರ್ಚಿನ ತಳ ತುಕ್ಕು ಹಿಡಿದ್ರೂ ಹಿಂಗೇ."

"ನಿಂತಾಗ ಸಾಧು, ಏರು ಬಂದರೆ ಕೆಮ್ಮು. ಅದ್ಯಾಕೆ?" ದೊರೆಯ ಎರಡನೇ ಒಗಟು.

"ನಿಂತಾಗ ಸಣ್ಣ ಕಿಡಿ ಸಾಕು ಬುದ್ಧಿ. ಏರಿನಾಗೆ ಎಂಜಿನ್ನಿನ ಉಸಿರು ಬಿಗಿತೈತೆ, ಬಡಕಲು ಕಿಡಿ ಹತ್ತಾಕಿಲ್ಲ."

"ಹಾಗಾದರೆ ಕೆಡಿಸಿದ ಕೈ ಯಾರದು?" ಇದು ಮೂರನೆಯದು.

ತಿಪ್ಪೇಶಿ ಬಗ್ಗಿ, ಎಂಜಿನ್ನಿನಿಂದ ಮೋಟಾರಿನ ಕಬ್ಬಿಣದ ಚೌಕಟ್ಟಿಗೆ ಕರೆಂಟು ವಾಪಸ್ ಒಯ್ಯುವ ಪಟ್ಟಿ ಬಿಚ್ಚಿದ. ಅದರಡಿಯಲ್ಲಿ ಪದರ ಪದರ ಕೆಂಪು ಬಣ್ಣ. ಅವನು ತಲೆಯೆತ್ತಿ ದೊರೆಯ ಕಡೆ ನೋಡಿದ. ಪ್ರತಿ ಆಯುಧಪೂಜೆಗೂ ಒಂದೊಂದು ನಟ್ಟು ಬಿಚ್ಚಿ ಬಣ್ಣ ಬಳಿಯುತ್ತಿದ್ದವನು ಯಾರೆಂದು ಊರಿಗೇ ಗೊತ್ತು. ಆ ಕುಂಚ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

"ತಮ್ಮದೇ ಕೈ, ಬುದ್ಧಿ. ಪ್ರೀತಿಯಿಂದ ಬಳಿದ ಬಣ್ಣ ಕರೆಂಟಿಗೆ ಅಡ್ಡ ನಿಂತೈತೆ."

ತಿಪ್ಪೇಶಿ ಆ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಪಟ್ಟಿಯ ಬೋಲ್ಟು ಬಿಗಿದ. ದೊರೆಯೇ ಓಡಿಸಿಕೊಂಡು ಹೋದ. ಏರು ಹತ್ತಿ ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಡಂಗುರದ ಪ್ರಕಾರ ನನ್ನ ತಲೆ ಹೋಗಬೇಕು. ಮೊದಲು ನಿನಗೇನು ಬೇಕೋ ಕೇಳು."

"ಆ ತಲೆನೇ ಕೊಡಿ ಬುದ್ಧಿ. ಕಡಿಯೋದು ಬ್ಯಾಡ. ಆ ಮೂವರನ್ನೂ ಬಿಟ್ಟು, ಗುರುಪಾದಪ್ಪನ ಮುಂದೆ ಒಂದು ಸಲ ಬಗ್ಗಿಸಿ, ಸಾಕು."

ದೊರೆ ತಾನೇ ಬೀಗದಕೈ ಹಿಡಿದು ಸೆರೆಮನೆಗೆ ನಡೆದ. ಕದ ತೆಗೆದು, ಮುದುಕನ ಕಾಲು ಮುಟ್ಟಿದ. ಗುರುಪಾದಪ್ಪ ಗಾಬರಿಯಿಂದ ಅವನನ್ನು ಹಿಡಿದೆತ್ತಿ ಕೇಳಿದ್ದು ಒಂದೇ ಮಾತು:

"ಏರು ಹತ್ತಿತಾ ಬುದ್ಧಿ?"